ಮೆಡಿಕಲ್ ಪದಗಳನ್ನು ಬಿಡಿಸಿ ಓದಲು ಕಲಿಸುವ ಮಂಗಳೂರಿನ ಸಂಜೆ ಕ್ಲಾಸ್: ಸೇರಬಹುದಾ?

ಸೇರಬಹುದು. ಆಸ್ಪತ್ರೆಯ ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕ್, ರೆಕಾರ್ಡ್ ರೂಮ್, ಲ್ಯಾಬ್ ರಿಸೆಪ್ಶನ್, ಮೆಡಿಕಲ್ ಶಾಪ್ ಇಂಥ ಕಡೆ ಕೆಲಸ ಮಾಡುವವರು, ಅದರಲ್ಲೂ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಖಂಡಿತ ಸೇರಿ. ಕೊರತೆಗಳು ಉಂಟು, ಅದನ್ನೂ ಕೆಳಗೆ ಬರೆದಿದ್ದೇನೆ. ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕ್ಲಾಸ್ ನಡೆಯುವುದು ಬಲ್ಮಠದಿಂದ ಹಂಪನಕಟ್ಟೆ ಕಡೆಗೆ ಇಳಿಯುವ ದಾರಿಯಲ್ಲಿ, ಒಂದು ಹಳೇ ಹಂಚಿನ ಕಟ್ಟಡದ ಮಾಳಿಗೆಯಲ್ಲಿ. ಬೋರ್ಡ್ ಇಲ್ಲ. ನಡೆಸುವ ಮೇಡಂ ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಷ್ಟೋ ವರ್ಷ ಅನಾಟಮಿ ಕಲಿಸಿ ರಿಟೈರ್ ಆದವರು. ತಮ್ಮ ಹೆಸರು, ನಂಬರ್ ಎಲ್ಲೂ ಹಾಕಬೇಡಿ ಎಂದು ಹೇಳಿದ್ದಾರೆ, ಹಾಗಾಗಿ ಹಾಕಿಲ್ಲ. ಕಂಕನಾಡಿ ಕಡೆ ನರ್ಸಿಂಗ್ ಪುಸ್ತಕ ಮಾರುವ ಅಂಗಡಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ವಾರಕ್ಕೆ ಮೂರು ಸಂಜೆ, ಡ್ಯೂಟಿ ಮುಗಿಸಿ ಬರುವವರಿಗೆ ಅನುಕೂಲವಾಗುವ ಹಾಗೆ ಆರೂವರೆಗೆ ಶುರು. ಫೀಸು ಇಡೀ ಕೋರ್ಸಿಗೆ 4,500 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು.

ವೆನ್ಲಾಕ್ ಶುರುವಾದದ್ದು 1848ರಲ್ಲಿ, ಫಾದರ್ ಮುಲ್ಲರ್ 1880ರಲ್ಲಿ, ಮಂಗಳೂರಿನ ಕೆಎಂಸಿ ಮೆಡಿಕಲ್ ಕಾಲೇಜು 1955ರಲ್ಲಿ. ಇಷ್ಟು ಹಳೇ ಆಸ್ಪತ್ರೆಗಳ ಊರು ಇದು. ಆದರೂ ಡಾಕ್ಟರ್, ನರ್ಸ್ ಬಿಟ್ಟು ಉಳಿದ ನಮ್ಮಂಥವರಿಗೆ ಈ ಪದಗಳನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಕೆಲಸಕ್ಕೆ ಸೇರಿದ ದಿನವೇ ಕೈಗೆ ಡಿಸ್ಚಾರ್ಜ್ ಸಮ್ಮರಿ ಕೊಡುತ್ತಾರೆ. ಅದರಲ್ಲಿರುವ ಒಂದೊಂದು ಪದ ಒಂದೊಂದು ಗೇಣು ಉದ್ದ. ಹಳಬರು ಏನು ಹೇಳಿಕೊಡುತ್ತಾರೋ ಅದನ್ನೇ ಬಾಯಿಪಾಠ ಮಾಡಬೇಕು. ಮೊಬೈಲ್ ಆ್ಯಪ್‌ಗಳನ್ನೂ ನೋಡಿದ್ದೇನೆ. ಎಲ್ಲ ಪಟ್ಟಿಯ ಮೇಲೆ ಪಟ್ಟಿ. ಎ ಇಂದ ಜೆಡ್ ತನಕ ಕಲಿತು ಮುಗಿಸುವಷ್ಟರಲ್ಲಿ ಎ ಮರೆತುಹೋಗಿರುತ್ತದೆ, ಅಲ್ವಾ?

ಈ ಕ್ಲಾಸಿನಲ್ಲಿ ಪಟ್ಟಿ ಕೊಡುವುದಿಲ್ಲ. ಒಂದು ಪದ ಹಿಡಿದು ಅದರ ಸುತ್ತ ಒಂದು ಸಂಜೆ ಕಳೆಯುತ್ತಾರೆ.

ನನಗೆ ತುಂಬ ಹಿಡಿಸಿದ ಒಂದು ಪಾಠ ಹೇಳುತ್ತೇನೆ. ಬೋರ್ಡ್ ಮೇಲೆ ಮೇಡಂ ‘ಕೋಲೆಸಿಸ್ಟೆಕ್ಟಮಿ’ ಎಂದು ದೊಡ್ಡದಾಗಿ ಬರೆದರು. ಆಮೇಲೆ ಬಣ್ಣದ ಚಾಕ್‌ಪೀಸ್ ತೆಗೆದುಕೊಂಡು ಮೂರು ಕಡೆ ಗೆರೆ ಎಳೆದರು. ಕೋಲೆ ಅಂದರೆ ಪಿತ್ತ. ಸಿಸ್ಟ್ ಅಂದರೆ ಚೀಲ. ಎಕ್ಟಮಿ ಅಂದರೆ ಕತ್ತರಿಸಿ ತೆಗೆಯುವುದು. ಮೂರೂ ಗ್ರೀಕ್. ಇಂಗ್ಲಿಷ್ ವಿಡಿಯೋಗಳಲ್ಲಿ ಇಂಥ ಪದವನ್ನು ಕೊನೆಯಿಂದ ಹಿಂದಕ್ಕೆ ಓದಿ ಎಂದು ಹೇಳಿಕೊಡುತ್ತಾರೆ, ಯಾಕೆಂದರೆ ಇಂಗ್ಲಿಷಿನಲ್ಲಿ ‘ತೆಗೆಯುವುದು’ ಮೊದಲು ಬರಬೇಕು. ಮೇಡಂ ಹೇಳಿದ್ದು, ‘ನಿಮಗೆ ಆ ಕಸರತ್ತು ಬೇಡ. ಕನ್ನಡದಲ್ಲಿ ಕ್ರಿಯೆ ಕೊನೆಗೇ ಬರುತ್ತದೆ. ಇದ್ದ ಹಾಗೆ ಓದಿಕೊಂಡು ಹೋಗಿ: ಪಿತ್ತದ ಚೀಲ ತೆಗೆಯುವುದು.’ ಅಷ್ಟೇ! ಇಷ್ಟು ದಿನ ಯಾರೂ ಇದನ್ನು ಹೇಳಿರಲಿಲ್ಲ.

ಆಮೇಲೆ ಬಾಲ ಮಾತ್ರ ಬದಲಿಸುತ್ತ ಹೋದರು. ಐಟಿಸ್ ಹಾಕಿದರೆ ಕೋಲೆಸಿಸ್ಟೈಟಿಸ್, ಪಿತ್ತಕೋಶದ ಉರಿಯೂತ. ಸಿಸ್ಟ್ ತೆಗೆದು ಲಿಥ್ ಹಾಕಿದರೆ ಕೋಲೆಲಿಥಯಾಸಿಸ್. ಲಿಥ್ ಅಂದರೆ ಕಲ್ಲು, ಅಂದರೆ ಪಿತ್ತದ ಕಲ್ಲು. ರೆಕಾರ್ಡ್ ರೂಮಿನವರಿಗೆ ಇದು ಎಷ್ಟು ಮುಖ್ಯ ಎಂದು ಗೊತ್ತಿರುತ್ತದೆ. ಐಸಿಡಿ–10ರಲ್ಲಿ, ಅಂದರೆ ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಕಲ್ಲಿದ್ದರೆ ಕೆ80ಕ್ಕೆ ಹೋಗಬೇಕು, ಕಲ್ಲಿಲ್ಲದ ಉರಿಯೂತವಾದರೆ ಕೆ81. ಪದ ಬಿಡಿಸಲು ಬಂದರೆ ಕೋಡ್ ಹುಡುಕುವುದು ಅರ್ಧ ಸಲೀಸು.

ಐಟಿಸ್ ಬಗ್ಗೆ ಒಂದು ಮಾತು. ಗ್ರೀಕಿನಲ್ಲಿ ಅದಕ್ಕೆ ಮೊದಲು ಉರಿಯೂತ ಎಂಬ ಅರ್ಥವೇ ಇರಲಿಲ್ಲವಂತೆ, ‘ಇದಕ್ಕೆ ಸೇರಿದ’ ಎಂದಷ್ಟೇ. ಆರ್ಥ್ರೈಟಿಸ್ ಅಂದರೆ ‘ಕೀಲಿಗೆ ಸೇರಿದ ಕಾಯಿಲೆ’. ಕಾಲ ಹೋದ ಹಾಗೆ ‘ಉರಿಯೂತ’ದ ಅರ್ಥ ಅಂಟಿಕೊಂಡಿತು. ಇಂಥ ಕತೆಗಳನ್ನು ಮೇಡಂ ನಡುನಡುವೆ ಹೇಳುತ್ತಾರೆ, ಬೇಕೆಂದೇ. ಕತೆ ಇದ್ದರೆ ಪದ ಮನಸ್ಸಲ್ಲಿ ನಿಲ್ಲುತ್ತದೆ.

ಇನ್ನು ಕ್ಲಾಸಿನ ನಿಜವಾದ ಹೆಚ್ಚುಗಾರಿಕೆ ಅಂದರೆ ಸಂಧಿ. ಹೌದು, ಹೈಸ್ಕೂಲಿನಲ್ಲಿ ಓದಿದ ಅದೇ ಕನ್ನಡ ಸಂಧಿ. ಗ್ರೀಕ್ ಮೂಲದ ಪದಗಳನ್ನು ಜೋಡಿಸುವಾಗ ನಡುವೆ ‘ಓ’ ಬರುತ್ತದೆ. ಗ್ಯಾಸ್ಟ್ರ್ ಅಂದರೆ ಹೊಟ್ಟೆ, ಅದಕ್ಕೆ ಸ್ಕೋಪಿ ಸೇರಿದರೆ ಗ್ಯಾಸ್ಟ್ರೋಸ್ಕೋಪಿ, ‘ಓ’ ಉಳಿಯಿತು. ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್, ‘ಓ’ ಹೋಯಿತು. ಯಾಕೆ? ಐಟಿಸ್ ಸ್ವರದಿಂದ ಶುರುವಾಗುತ್ತದೆ. ಊರು ಮತ್ತು ಊರು ಸೇರಿ ಊರೂರು ಆಗುವ ಹಾಗೆ, ಮಾತು ಮತ್ತು ಇಲ್ಲ ಸೇರಿ ಮಾತಿಲ್ಲ ಆಗುವ ಹಾಗೆ, ಸ್ವರದ ಮುಂದೆ ಸ್ವರ ಬಂದರೆ ಮೊದಲಿನದು ಬಿದ್ದುಹೋಗುತ್ತದೆ. ಲೋಪಸಂಧಿ! ಇಂಗ್ಲಿಷ್ ಪುಸ್ತಕದಲ್ಲಿ ಈ ನಿಯಮಕ್ಕೆ ಅರ್ಧ ಪುಟ ವಿವರಣೆ ಇರುತ್ತದೆ, ಇಲ್ಲಿ ಎರಡು ನಿಮಿಷದಲ್ಲಿ ಇಡೀ ಬ್ಯಾಚಿಗೆ ಅರ್ಥವಾಯಿತು.

ಆದರೆ ಗ್ಯಾಸ್ಟ್ರೋಎಂಟರೈಟಿಸ್ ನೋಡಿ. ಎಂಟರ್ ಅಂದರೆ ಕರುಳು, ಅದೂ ಸ್ವರದಿಂದಲೇ ಶುರು, ಆದರೂ ‘ಓ’ ಬೀಳಲಿಲ್ಲ. ನನ್ನ ಪಕ್ಕ ಕೂತ ಹುಡುಗಿ ಕೂಡಲೇ ಕೇಳಿದಳು, ‘ಮೇಡಂ, ಇಲ್ಲಿ ಯಾಕೆ ಲೋಪ ಆಗಲಿಲ್ಲ?’ ಎರಡು ಅಂಗಗಳ ಹೆಸರು ಜೋಡಿಸುವಾಗ ‘ಓ’ವನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಕೊನೆಯ ಬಾಲ ಸೇರಿಸುವಾಗ ಮಾತ್ರ ಬಿಡುತ್ತಾರೆ ಎಂದು ಮೇಡಂ ವಿವರಿಸಿದರು. ‘ಅಯ್ಯೋ ಇದೇನು ಎನ್ನುವಾಗ ಸಂಧಿ ಮಾಡುತ್ತೀರಾ? ಇಲ್ಲ ಅಲ್ವಾ? ಅದು ಪ್ರಕೃತಿಭಾವ. ಇದನ್ನೂ ಹಾಗೇ ನೆನಪಿಟ್ಟುಕೊಳ್ಳಿ.’ ಕಾರಣ ಬೇರೆ ಬೇರೆ ಇರಬಹುದು, ಆದರೆ ಸ್ಪೆಲ್ಲಿಂಗ್ ತಪ್ಪದಿರಲು ಇಷ್ಟು ಸಾಕು.

ತುಳು ಗೊತ್ತಿದ್ದವರಿಗೆ ಇನ್ನೂ ಸುಲಭ. ಆಲ್ಜಿಯಾ ಅಂದರೆ ಬೇನೆ. ಸೆಫಾಲ್ಜಿಯಾ ಅಂದರೆ ತರೆಬೇನೆ (ತಲೆನೋವು), ಗ್ಯಾಸ್ಟ್ರಾಲ್ಜಿಯಾ ಅಂದರೆ ಬಂಜಿಬೇನೆ (ಹೊಟ್ಟೆನೋವು). ಬ್ಯಾಚಿನಲ್ಲಿ ಕಾಸರಗೋಡಿನಿಂದ ಬರುವವರು, ಬ್ಯಾರಿ, ಕೊಂಕಣಿ ಮನೆಮಾತಿನವರು ಎಲ್ಲ ಇದ್ದರು. ತರೆಬೇನೆ ಎಂದ ಕೂಡಲೇ ಎಲ್ಲರಿಗೂ ಒಟ್ಟಿಗೇ ತಲೆಗೆ ಹೋಯಿತು.

ಒಂದೇ ಅಂಗಕ್ಕೆ ಎರಡು ಹೆಸರು ಯಾಕೆ ಎನ್ನುವುದು ನನಗೆ ಬಹಳ ದಿನದಿಂದ ಇದ್ದ ಪ್ರಶ್ನೆ. ಡಿಪಾರ್ಟ್‌ಮೆಂಟಿನ ಬೋರ್ಡ್ ಮೇಲೆ ನೆಫ್ರಾಲಜಿ, ಲ್ಯಾಬ್ ಬಿಲ್ಲಿನಲ್ಲಿ ರೀನಲ್ ಫಂಕ್ಷನ್ ಟೆಸ್ಟ್. ರೋಗಿಯ ಕಡೆಯವರು ಬಂದು ‘ಅಕ್ಕ, ನಮಗೆ ಕಿಡ್ನಿದು ಮಾತ್ರ ಬರೆದದ್ದು, ಈ ರೀನಲ್ ಎಂತ?’ ಎಂದು ಕೇಳುತ್ತಾರೆ. ಎರಡೂ ಕಿಡ್ನಿಯೇ. ನೆಫ್ರೋಸ್ ಗ್ರೀಕ್, ರೆನ್ ಲ್ಯಾಟಿನ್. ಹಿಂದೆ ಹಿಪೊಕ್ರಟಿಸ್, ಗ್ಯಾಲನ್ ಮುಂತಾದವರು ಬರೆದದ್ದು ಗ್ರೀಕಿನಲ್ಲಿ, ಹಾಗಾಗಿ ಕಾಯಿಲೆಯ ಹೆಸರು ಜಾಸ್ತಿ ಗ್ರೀಕಿನಿಂದ ಬಂದವು. ಮುಂದೆ ಯುರೋಪಿನಲ್ಲಿ ಶರೀರ ಕೊಯ್ದು ನೋಡಿ ಬರೆದವರು ಲ್ಯಾಟಿನ್ ಬಳಸಿದರು, ಅಂಗದ ಹೆಸರು ಹೆಚ್ಚಾಗಿ ಲ್ಯಾಟಿನ್ ಆಯಿತು. ಪುಪ್ಪುಸಕ್ಕೆ ಪಲ್ಮನರಿ, ಅದರ ಕಾಯಿಲೆಗೆ ನ್ಯುಮೋನಿಯಾ. ಚರ್ಮಕ್ಕೆ ಕ್ಯುಟೇನಿಯಸ್, ಅದರ ಉರಿಯೂತಕ್ಕೆ ಡರ್ಮಟೈಟಿಸ್. ಅಪವಾದ ಬೇಕಾದಷ್ಟಿದ್ದರೂ ಈ ಸೂತ್ರ ಗೊತ್ತಿದ್ದರೆ ಗಲಿಬಿಲಿ ಕಡಿಮೆ. ನಾನೀಗ ಡೆಸ್ಕಿನಲ್ಲಿ ಕೂತು ‘ಎರಡೂ ಒಂದೇ ಅಮ್ಮ, ಹೆದರಬೇಡಿ’ ಎಂದು ಧೈರ್ಯವಾಗಿ ಹೇಳುತ್ತೇನೆ.

ಹೆದರಿಕೆಯ ವಿಷಯ ಬಂದದ್ದಕ್ಕೆ ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ರಿಪೋರ್ಟಿನಲ್ಲಿ ‘ಓಮಾ’ ಎಂದು ಕೊನೆಯಾಗುವ ಪದ ಕಂಡರೆ ಮನೆಯವರ ಮುಖ ಬಾಡಿಬಿಡುತ್ತದೆ. ಕಾರ್ಸಿನೋಮಾ ಅಂದರೆ ಕ್ಯಾನ್ಸರ್ ಎಂದು ಕೇಳಿ ಗೊತ್ತಿರುತ್ತದಲ್ಲ, ಹಾಗಾಗಿ ಎಲ್ಲ ಓಮಾವೂ ಅದೇ ಎಂದು ತಿಳಿಯುತ್ತಾರೆ. ಕಾರ್ಸಿನೋಮಾದ ಮೊದಲ ತುಂಡು ಗ್ರೀಕಿನ ಕಾರ್ಕಿನೋಸ್, ಅಂದರೆ ಏಡಿ, ನಮ್ಮ ಕರ್ಕಾಟಕ ರಾಶಿಯಲ್ಲಿ ಇರುವಂಥದ್ದೇ. ಕೆಟ್ಟ ಸುದ್ದಿ ಇರುವುದು ಆ ಮೊದಲ ತುಂಡಿನಲ್ಲಿ. ಓಮಾ ಬರೀ ಗಡ್ಡೆ ಅಥವಾ ಊತ. ಲೈಪೋಮಾ ಅಂದರೆ ಕೊಬ್ಬಿನ ಗಡ್ಡೆ, ಸಾಮಾನ್ಯವಾಗಿ ಏನೂ ತೊಂದರೆ ಮಾಡದೆ ಇರುತ್ತದೆ. ಹೆಮಟೋಮಾ ಅಂದರೆ ಪೆಟ್ಟು ಬಿದ್ದ ಕಡೆ ರಕ್ತ ಸೇರಿಕೊಂಡು ಆಗುವ ಊತ. ಗ್ಲಾಕೋಮಾದಲ್ಲಂತೂ ಗಡ್ಡೆಯೇ ಇಲ್ಲ, ಅದು ಕಣ್ಣಿನ ಕಾಯಿಲೆ. ಇನ್ನೊಂದು ಕಡೆ ಲಿಂಫೋಮಾ, ಮೆಲನೋಮಾ ಇವು ನಿಜಕ್ಕೂ ಕ್ಯಾನ್ಸರ್. ಹಾಗಾಗಿ ಬಾಲ ನೋಡಿ ತೀರ್ಮಾನಕ್ಕೆ ಬರಬಾರದು, ತಲೆಯನ್ನೂ ಓದಬೇಕು, ಕೊನೆಗೆ ಹೇಳಬೇಕಾದವರು ಡಾಕ್ಟರೇ. ಮೇಡಂ ಇದನ್ನು ಎಷ್ಟು ಒತ್ತಿ ಹೇಳಿದರೆಂದರೆ, ‘ರೋಗಿಗೆ ನೀವು ಅರ್ಥ ಹೇಳಲು ಹೋಗಬೇಡಿ, ನಿಮಗೆ ಅರ್ಥವಾಗಿದ್ದರೆ ಸರಿಯಾದ ಡಾಕ್ಟರ ಹತ್ತಿರ ಬೇಗ ಕಳಿಸಿ’ ಎಂದು ನೋಟ್ಸಿನ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದಾರೆ. ನನಗೆ ಅವರ ಮೇಲೆ ಗೌರವ ಜಾಸ್ತಿಯಾದದ್ದು ಅಲ್ಲಿ.

ಪದದ ತುಂಡು ಪೂರ್ತಿ ನಿಜ ಹೇಳದ ಕಡೆಗಳನ್ನೂ ತೋರಿಸಿದರು. ಅನೀಮಿಯಾ ಬಿಡಿಸಿದರೆ ‘ರಕ್ತವಿಲ್ಲ’ ಎಂದಾಗುತ್ತದೆ, ನಿಜದಲ್ಲಿ ಹಿಮೋಗ್ಲೋಬಿನ್ ಕಡಿಮೆ. ಆರ್ಟರಿಯಲ್ಲಿ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳದಲ್ಲಿ, ಗಾಳಿ ಹೋಗುತ್ತದೆ ಎಂದು ಹಳೇ ಕಾಲದ ಗ್ರೀಕರು ತಿಳಿದಿದ್ದರು, ಯಾಕೆಂದರೆ ಸತ್ತವರ ದೇಹದಲ್ಲಿ ಅವು ಖಾಲಿ ಕಾಣುತ್ತಿದ್ದವು. ನಮ್ಮ ಊರಿಗೆ ಹಳೇ ನೆಂಟನಾದ ಮಲೇರಿಯಾದ ಹೆಸರಂತೂ ಇಟಾಲಿಯನ್, ಕೆಟ್ಟ ಗಾಳಿ ಎಂದು ಅರ್ಥ. ಸೊಳ್ಳೆಯಿಂದ ಬರುತ್ತದೆ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸುಳಿವು ಹಿಡಿದದ್ದು 1897ರಲ್ಲಿ. ಹೆಸರು ಬದಲಾಗಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕಾಣುವ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಸರಿಯಾಗಿ ಬಿಡಿಸಿಕೊಳ್ಳುತ್ತದೆ: ಲೆಪ್ಟೋ ತೆಳ್ಳಗಿನ, ಸ್ಪೈರ ಸುರುಳಿ. ಮೈಕ್ರೋಸ್ಕೋಪಿನಲ್ಲಿ ಆ ರೋಗಾಣು ಕಾಣುವುದು ಹಾಗೇ. ಚಿಕುನ್‌ಗುನ್ಯಾವನ್ನು ಮಾತ್ರ ಬಿಡಿಸಲು ಹೋಗಬೇಡಿ, ಅದು ಆಫ್ರಿಕಾದ ಮಕೊಂಡೆ ಭಾಷೆಯ ಪದ.

ಡಯಾಬಿಟಿಸ್ ಮೆಲಿಟಸ್ ಪಾಠವೂ ಚೆನ್ನಾಗಿತ್ತು. ಮೆಲಿಟಸ್ ಅಂದರೆ ಜೇನಿನಂತೆ ಸಿಹಿ. ನಮ್ಮ ಮಧುಮೇಹದಲ್ಲಿ ಮಧು ಇದ್ದೇ ಇದೆ.

ಸ್ಪೆಲ್ಲಿಂಗ್ ಪಾಠ ನನ್ನ ಕೆಲಸಕ್ಕೆ ನೇರವಾಗಿ ಉಪಯೋಗಕ್ಕೆ ಬಂತು. ನಮ್ಮ ಡಾಕ್ಟರುಗಳು ಬರೆಯುವುದು ಬ್ರಿಟಿಷ್ ಸ್ಪೆಲ್ಲಿಂಗ್, ಇನ್ಶೂರೆನ್ಸ್ ಸಾಫ್ಟ್‌ವೇರ್ ಎಷ್ಟೋ ಸಲ ಅಮೆರಿಕನ್. ಅಪೆಂಡಿಸೆಕ್ಟಮಿ, ಅಪೆಂಡೆಕ್ಟಮಿ ಎರಡೂ ಒಂದೇ ಆಪರೇಶನ್. ಅನ್ನನಾಳಕ್ಕೆ ಬ್ರಿಟಿಷರು ಮೊದಲು ‘ಓ’ ಅಕ್ಷರ ಹಾಕುತ್ತಾರೆ, ಅಮೆರಿಕದವರು ಹಾಕುವುದಿಲ್ಲ. ಹಾಗಾಗಿ ಹೊಟ್ಟೆಯಿಂದ ಅಲ್ಲಿಗೆ ಆಸಿಡ್ ಮೇಲೆ ಬರುವ ತೊಂದರೆಗೆ ಒಂದು ಕಡೆ ಜಿಒಆರ್‌ಡಿ, ಇನ್ನೊಂದು ಕಡೆ ಜಿಇಆರ್‌ಡಿ ಎಂದು ಇರುತ್ತದೆ. ಇದು ಗೊತ್ತಿಲ್ಲದೆ ಸಾಫ್ಟ್‌ವೇರಿನಲ್ಲಿ ಹುಡುಕಿ ಸಿಗದೆ ಫೈಲು ಬದಿಗಿಟ್ಟರೆ ಕ್ಲೇಮು ತಡವಾಗುತ್ತದೆ, ರೋಗಿ ಮನೆಗೆ ಹೋಗಲು ರೆಡಿಯಾಗಿ ಬ್ಯಾಗ್ ಹಿಡಿದು ಕೆಳಗೆ ಕಾಯುತ್ತಿರುತ್ತಾರೆ.

ಉಚ್ಚಾರ ಮಾಡದ ಅಕ್ಷರಗಳೂ ಕನ್ನಡದವರಿಗೆ ಕಷ್ಟ. ನಾವು ಹೇಳಿದ್ದನ್ನು ಬರೆಯುತ್ತೇವೆ, ಬರೆದದ್ದನ್ನು ಹೇಳುತ್ತೇವೆ. ಟೆರಿಜಿಯಂ ಎಂಬ ಕಣ್ಣಿನ ತೊಂದರೆ ಇದೆ, ಬಿಸಿಲಿನಲ್ಲಿ ದುಡಿಯುವವರಲ್ಲಿ ಜಾಸ್ತಿ, ಬಿಳಿಗುಡ್ಡೆಯ ಮೇಲಿನ ಪೊರೆ ಬೆಳೆದು ಕಪ್ಪು ಭಾಗದ ಕಡೆಗೆ ಹಬ್ಬುತ್ತದೆ. ಅದರ ಸ್ಪೆಲ್ಲಿಂಗ್ ‘ಪಿ’ ಇಂದ ಶುರು, ಹೇಳುವಾಗ ಪಿ ಇಲ್ಲ. ಹೇಗೆ ನೆನಪಿಡುವುದು? ಮೇಡಂ ಕೇಳಿದರು, ಹೆಲಿಕಾಪ್ಟರ್ ಹೇಳಿ ನೋಡಿ. ಹೆಲಿಕೋ ಸುರುಳಿ, ಪ್ಟರ್ ರೆಕ್ಕೆ. ಅಲ್ಲಿ ಪಿ ಚೆನ್ನಾಗಿ ಕೇಳಿಸುತ್ತದೆ. ಟೆರಿಜಿಯಂ ಅಂದರೆ ಪುಟ್ಟ ರೆಕ್ಕೆ, ಆ ಪೊರೆಯ ಆಕಾರ ಹಾಗಿರುತ್ತದೆ. ನ್ಯುಮೋನಿಯಾದಲ್ಲಿ ಮೌನವಾಗಿರುವ ಪಿ ಆಪ್ನಿಯಾದಲ್ಲಿ (ಉಸಿರು ನಿಲ್ಲುವುದು) ಕೇಳಿಸುವುದೂ ಹೀಗೇ, ಪಿಗೆ ಮೊದಲು ಒಂದು ಸ್ವರ ಬಂದಾಗ.

ಮೆಡಿಕಲ್ ಶಾಪಿನವರಿಗಾಗಿ ಚೀಟಿಯ ಲ್ಯಾಟಿನ್ ಮೇಲೆ ಒಂದು ಪಾಠ ಇದೆ. ಬಿಡಿ ದಿನಕ್ಕೆ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ. ಎಸ್‌ಒಎಸ್ ಅಂದರೆ ‘ಸಿ ಓಪುಸ್ ಸಿಟ್’, ಬೇಕಾದರೆ ಮಾತ್ರ ತೆಗೆದುಕೊಳ್ಳಿ ಎಂದು. ಓಡಿ ಮಾತ್ರೆಯ ಚೀಟಿಯಲ್ಲಿದ್ದರೆ ದಿನಕ್ಕೆ ಒಂದು ಸಲ, ಕಣ್ಣಿನ ಡಾಕ್ಟರ ಕಾಗದದಲ್ಲಿದ್ದರೆ ಬಲಗಣ್ಣು. ಇದನ್ನು ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಎಲ್ಲರೂ ತಿಳಿದಿರಬೇಕು.

ಈಗ ಕೊರತೆಗಳು. ಮೊದಲನೆಯದು, ಕೇಳಲು ಒಂದೇ ರೀತಿ ಇರುವ ಪದಗಳಿಗೆ ಅಭ್ಯಾಸ ಸಾಲದು. ಇಲಿಯಂ ಎಂದು ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ನಡುವೆ ‘ಇ’ ಅಕ್ಷರ ಇದ್ದರೆ ಸಣ್ಣ ಕರುಳಿನ ಕೊನೆಯ ಭಾಗ, ‘ಐ’ ಅಕ್ಷರ ಇದ್ದರೆ ಸೊಂಟದ ಮೂಳೆ. ಮಯೋ ಅಂದರೆ ಸ್ನಾಯು, ಮಯಲೋ ಅಂದರೆ ಮಜ್ಜೆ ಅಥವಾ ಬೆನ್ನುಹುರಿ. ಕೋಲೆಕ್ಟಮಿ ದೊಡ್ಡ ಕರುಳನ್ನು ತೆಗೆಯುವುದು, ಕೊಲೋಸ್ಟಮಿ ಅದಕ್ಕೆ ಹೊಟ್ಟೆಯ ಮೇಲೆ ಹೊರಬಾಯಿ ಮಾಡುವುದು. ಎರಡನ್ನು ಅದಲುಬದಲು ಮಾಡಿದರೆ ಸಣ್ಣ ತಪ್ಪಲ್ಲ ಅದು. ಇಂಥವನ್ನು ಮೇಡಂ ಹೇಳುತ್ತಾರೆ, ಆದರೆ ಡಿಕ್ಟೇಶನ್ ಕೊಟ್ಟು ಬರೆಸುವುದಿಲ್ಲ. ಟೆಸ್ಟಿನಲ್ಲಿ ಬರೀ ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆ. ನೋಡಿ ಗುರುತಿಸುವುದು ಬೇರೆ, ಕೇಳಿ ಬರೆಯುವುದು ಬೇರೆ. ಟ್ರಾನ್ಸ್‌ಕ್ರಿಪ್ಶನ್, ಅಂದರೆ ಡಾಕ್ಟರು ಹೇಳಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸಕ್ಕೆ ಹೋಗುವವರಿಗೆ ಇದು ದೊಡ್ಡ ಕೊರತೆ. ಮೇಡಂಗೂ ಹೇಳಿದ್ದೇನೆ, ಮುಂದಿನ ಬ್ಯಾಚಿನಲ್ಲಿ ಸೇರಿಸಲು ನೋಡುತ್ತೇನೆ ಎಂದಿದ್ದಾರೆ.

ಎರಡನೆಯದು ನೋಟ್ಸ್. ಮೂಲ ಪ್ರತಿ ಚೆನ್ನಾಗಿದೆ, ಉಚ್ಚಾರವನ್ನು ಕನ್ನಡದಲ್ಲೂ ಕೊಟ್ಟಿದ್ದಾರೆ. ನಮಗೆ ಸಿಗುವುದು ಜೆರಾಕ್ಸಿನ ಜೆರಾಕ್ಸ್. ಚಿತ್ರಗಳಂತೂ ಮಸಿ ಬಳಿದ ಹಾಗೆ, ಲಿವರ್ ಯಾವುದು ಹೊಟ್ಟೆ ಯಾವುದು ಗೊತ್ತಾಗುವುದಿಲ್ಲ. ಪಿಡಿಎಫ್ ಕೊಟ್ಟರೆ ಮುಗಿಯಿತು, ಯಾಕೆ ಕೊಡುವುದಿಲ್ಲವೋ.

ಮಾಳಿಗೆಯಲ್ಲಿ ಜೂನ್, ಜುಲೈಯಲ್ಲಿ ಮಳೆಯ ಸದ್ದಿಗೆ ಹಿಂದಿನ ಬೆಂಚಿಗೆ ಏನೂ ಕೇಳಿಸುವುದಿಲ್ಲ. ಮುಂದೆ ಕೂತುಕೊಳ್ಳಿ. ಔಷಧಿಗಳ ಹೆಸರು ಇಲ್ಲಿ ಕಲಿಸುವುದಿಲ್ಲ, ಅದನ್ನು ನಂಬಿ ಸೇರಬೇಡಿ. ಸರ್ಟಿಫಿಕೇಟ್ ಕೊಡುತ್ತಾರೆ, ಆದರೆ ಅದಕ್ಕೆ ಯಾವ ಯೂನಿವರ್ಸಿಟಿಯ ಮಾನ್ಯತೆಯೂ ಇಲ್ಲ, ಅವರೇ ಮೊದಲ ದಿನ ಹೇಳುತ್ತಾರೆ. ಬಿಎಸ್ಸಿ ನರ್ಸಿಂಗ್, ಫಾರ್ಮಸಿ ಓದುತ್ತಿರುವವರಿಗೆ ಅರ್ಧದಷ್ಟು ಪಾಠ ಮೊದಲೇ ಗೊತ್ತಿರುತ್ತದೆ, ಸಂಧಿಯ ಪಾಠಕ್ಕಾಗಿ ಬೇಕಾದರೆ ಒಂದು ದಿನ ಬಂದು ಕೂರಬಹುದು, ಮೇಡಂ ಬೇಡ ಎನ್ನುವುದಿಲ್ಲ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಡಿಕ್ಟೇಶನ್ ಶುರುವಾದರೆ ಐದು.

ಹೊಸ ಬ್ಯಾಚ್ ದಸರಾ ರಜೆ ಕಳೆದ ಮೇಲೆ. ಉದ್ದ ಗೆರೆಯ ನೋಟ್‌ಬುಕ್, ಎರಡು ಬಣ್ಣದ ಪೆನ್ನು ತೆಗೆದುಕೊಂಡು ಹೋಗಿ. ನೀವು ಕೆಲಸ ಮಾಡುವ ಕಡೆ ದಿನಾ ಕಾಣುವ ಪದಗಳನ್ನು, ರೋಗಿಯ ಹೆಸರು ಬಿಟ್ಟು ಪದ ಮಾತ್ರ, ಬರೆದುಕೊಂಡು ಹೋದರೆ ಮೇಡಂ ಅವನ್ನೇ ಬೋರ್ಡಿಗೆ ಹಾಕಿ ಬಿಡಿಸುತ್ತಾರೆ. ಜ್ಯೋತಿ ಸ್ಟಾಪಿನ ಮೇಲೆ ಸ್ಟೇಟ್‌ಬ್ಯಾಂಕ್ ಕಡೆ ಹೋಗುವ ಸಿಟಿ ಬಸ್ ಆಗುತ್ತದೆ, ಜ್ಯೋತಿಯಲ್ಲಿ ಇಳಿದು ನಡೆಯಿರಿ. ಸ್ಕೂಟರಿನವರಿಗೆ ಪಾರ್ಕಿಂಗ್ ಇಲ್ಲ.